ಪೆಟ್ಟಿಗೆ ಮುಚ್ಚುವ ತಿಂಗಳು

ನವೆಂಬರ್ ಬಂತೆಂದರೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ನಮ್ಮ ಮನೆಯಲ್ಲಿ ಅದು ಪೆಟ್ಟಿಗೆ ಮುಚ್ಚುವ ತಿಂಗಳು. ಪೆಟ್ಟಿಗೆ ಎಂದರೆ ಅಪ್ಪನ ಪಾಪ್-ಅಪ್ ಕ್ಯಾಂಪರು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಾಗ ಅದು ಚಕ್ರ ಇರುವ ಒಂದು ದೊಡ್ಡ ಚಪ್ಪಟೆ ಡಬ್ಬ, ಅಷ್ಟೆ. ಹೋಗಬೇಕಾದ ಜಾಗ ಮುಟ್ಟಿ, ಹಿಡಿಕೆ ಹಾಕಿ ತಿರುಗಿಸಿದರೆ ಚಾವಣಿ ಗಿರಗಿರ ಸದ್ದು ಮಾಡುತ್ತ ಮೇಲೇಳುತ್ತಿತ್ತು. ಆಚೆಗೊಂದು ಈಚೆಗೊಂದು ಹಾಸಿಗೆ ಹೊರಕ್ಕೆ ಜಾರುತ್ತಿತ್ತು. ಸುತ್ತಲೂ ಕ್ಯಾನ್ವಾಸಿನ ಗೋಡೆ ಬಿಗಿದುಕೊಂಡು, ಕಾಫಿ ಕಾಯುವುದರೊಳಗೆ ಅಲ್ಲೊಂದು ಮನೆ ನಿಂತಿರುತ್ತಿತ್ತು. ಒಳಗೆ ಪುಟ್ಟ ಒಲೆ, ಪುಟ್ಟ ಸಿಂಕು, ಮುಚ್ಚಳ ಎತ್ತಿದರೆ ಸಾಮಾನು ಇಡಲು ಜಾಗವಿರುವ ಎರಡು ಬೆಂಚು. ಆಫೀಸಿನ ಯಾರದೋ ಹಳೆಯ ಕ್ಯಾಂಪರನ್ನು ಅಪ್ಪ ತಂದು ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ನಿಲ್ಲಿಸಿದ ದಿನ, ಧಾರವಾಡದಿಂದ ವಿಮಾನ ಹತ್ತಿ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ಅದಕ್ಕೊಂದು ಸುತ್ತು ಬಂದು ಕೇಳಿದ್ದಳು:

“ಏನೋ ಇದು, ಇಷ್ಟ್ ದೊಡ್ಡ ಪೆಟ್ಟಿಗಿ ತಂದೀ? ಇದರಾಗ ಏನ್ ತುಂಬತೀ?”

“ನಿಮ್ಮನ್ನೆಲ್ಲಾ ತುಂಬತೀನಿ, ಅವ್ವಾ.”

ಅಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಮನೆ ತೊಗೊಳ್ಳಿ ಅಂದರೆ ಚಕ್ರ ಇರೋ ಮನೆ ತಂದ್ರಾ, ಎಂದು ಒಳಗೆ ಹೋದಳು. ಅವತ್ತಿನಿಂದ ಅದರ ಹೆಸರು ಪೆಟ್ಟಿಗೆ ಎಂದೇ ನಿಂತುಹೋಯಿತು.

ಅಪ್ಪನ ಕಾಲಿಗೆ ಚಕ್ರ ಇದೆ ಎಂದು ಅಮ್ಮ ಹೇಳುವಾಗ ತಮಾಷೆ ಅರ್ಧ, ಸಿಟ್ಟು ಅರ್ಧ. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೆಲ್ಲ ಬಾಡಿಗೆ ಮನೆಗಳೇ. ಫ್ರೀವೇ ಪಕ್ಕದ ಅಪಾರ್ಟ್‌ಮೆಂಟು ಆಯಿತು, ಅದರಾಚೆ ಇನ್ನೊಂದು ಆಯಿತು, ಅಪ್ಪನ ಕೆಲಸ ಬದಲಾದಂತೆ ಮನೆ ಬದಲಾಗಿ, ಆಮೇಲೆ ಮೌಂಟನ್ ವ್ಯೂನ ಈ ತಗ್ಗು ಚಾವಣಿಯ ಮನೆ. ಟ್ರೇನು ಹೋದಾಗಲೆಲ್ಲ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಗೋಡೆಗೆ ಮೊಳೆ ಹೊಡೆಯಲು ಓನರು ಬಿಡುತ್ತಿರಲಿಲ್ಲ. ಹಾಗಾಗಿ ಅಮ್ಮನ ತವರು ಮೈಸೂರಿನಿಂದ ಬಂದ ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಮಲಗಿರುತ್ತಿತ್ತು, ಅಮ್ಮ ತಿಥಿ ನೋಡಬೇಕಾದಾಗ ಅದನ್ನು ಇಳಿಸಿ, ನೋಡಿ, ಮತ್ತೆ ಮಲಗಿಸುತ್ತಿದ್ದಳು. ಅವಳ ಕರಿಬೇವಿನ ಗಿಡ ಕುಂಡದಲ್ಲೇ ಬೆಳೆದು ಬೇರು ತಳದ ತೂತಿನಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಒಮ್ಮೆ ನೆಲಕ್ಕೆ ಇಳಿಸಬೇಕು ಎಂಬುದು ಅವಳ ಆಸೆ. ಯಾರ ನೆಲಕ್ಕೆ ಎಂಬುದೇ ಜಗಳ. ಭಾನುವಾರ ನಾವು ಪಕ್ಕದ ಊರು ಲಾಸ್ ಆಲ್ಟೋಸ್‌ನ ಬೀದಿಗಳಲ್ಲಿ ಸುಮ್ಮನೆ ಕಾರು ಓಡಿಸಿಕೊಂಡು ಬರುವುದಿತ್ತು. ಅಮ್ಮ ಪ್ರತಿ ಮನೆಯ ಹಿತ್ತಲಿನ ಬೇಲಿಯನ್ನೂ ಕತ್ತು ಚಾಚಿ ನೋಡುತ್ತಿದ್ದಳು, ಅಪ್ಪ ಆ ಬೀದಿ ಫ್ರೀವೇಗೆ ಎಲ್ಲಿ ಸೇರುತ್ತದೆ ಎಂದು ನೋಡುತ್ತಿದ್ದ.

ಅಡುಗೆಮನೆಯಲ್ಲಿ ಎರಡು ರಾಜ್ಯ. ಅಜ್ಜಿ ಬಂದರೆ ಆರು ತಿಂಗಳು ಇರುತ್ತಿದ್ದಳು, ಆ ಆರು ತಿಂಗಳೂ ಒಂದು ಒಲೆಯ ಮೇಲೆ ರೊಟ್ಟಿ, ಪಕ್ಕದ ಒಲೆಯ ಮೇಲೆ ಅನ್ನ. ಅಮ್ಮನ ಸಾರಿಗೆ ಅಜ್ಜಿ ಬೆಲ್ಲದ ನೀರು ಅನ್ನುವುದು, ಅಜ್ಜಿಯ ಕೆಂಪು ಚಟ್ನಿಗೆ ಅಮ್ಮ ಕಣ್ಣೊರೆಸಿಕೊಂಡು ಚೆನ್ನಾಗಿದೆ ಅತ್ತೆ ಅನ್ನುವುದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ದ್ವೇಷವೇನೂ ಇರಲಿಲ್ಲ. ಇಬ್ಬರೂ ಬೇರೆಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೇವೆ ಎಂಬ ಹಾಗೆ ಮಾಡುತ್ತಿದ್ದರು, ಅದೇ ತೊಂದರೆ. ನಾನು ಇಬ್ಬರ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತ, ಇಬ್ಬರ ತಟ್ಟೆಯಿಂದಲೂ ತಿನ್ನುತ್ತ ಬೆಳೆದೆ. ಕನ್ನಡ ಬರೆಯಲು ಕಲಿತದ್ದು ದೊಡ್ಡವಳಾದ ಮೇಲೆ, ಹಟ ಹಿಡಿದು.

ಆದರೆ ಪೆಟ್ಟಿಗೆಯೊಳಗೆ ಈ ಮನುಷ್ಯರೇ ಬೇರೆಯಾಗುತ್ತಿದ್ದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ಹತ್ತು ವರ್ಷದ ನನಗೆ ಇದಕ್ಕಿಂತ ದೊಡ್ಡ ಸತ್ಯ ಗೊತ್ತಿರಲಿಲ್ಲ. ಸಮುದ್ರದ ಪಕ್ಕವೋ ಎತ್ತರದ ರೆಡ್‌ವುಡ್ ಮರಗಳ ಕೆಳಗೋ ಪೆಟ್ಟಿಗೆ ಎತ್ತಿ ನಿಲ್ಲಿಸಿದ ಮೇಲೆ ಅಪ್ಪನಿಗೆ ಇನ್ನೆಲ್ಲಿಗೂ ಹೋಗಬೇಕಿರಲಿಲ್ಲ. ಮನೆಯಲ್ಲಿ ಊಟದ ನಡುವೆ ಎದ್ದು ಓಡಾಡುವ ಮನುಷ್ಯ, ಅಲ್ಲಿ ಮಡಚುವ ಕುರ್ಚಿಯಲ್ಲಿ ಕೂತರೆ ಕೂತ. ಒಲೆ ಒಂದೇ ಇದ್ದದ್ದರಿಂದ ಅಜ್ಜಿ ರೊಟ್ಟಿಯ ಮಾತೆತ್ತುತ್ತಿರಲಿಲ್ಲ. ಊರಿಂದ ತಂದ ಒಣ ರೊಟ್ಟಿಯನ್ನು ಅಮ್ಮನ ಬೆಲ್ಲದ ನೀರಿನಲ್ಲೇ ಅದ್ದಿಕೊಂಡು ತಿನ್ನುತ್ತಿದ್ದಳು. ಅಮ್ಮ ಗೊಜ್ಜವಲಕ್ಕಿ ಕಲಸಿ ಎಲ್ಲರ ಕೈಗೂ ಒಂದೊಂದು ತುತ್ತು ಹಾಕುತ್ತಿದ್ದಳು. ಕೈ ಚಾಚಿದರೆ ಎಲ್ಲರೂ ಸಿಗುವಷ್ಟು ಚಿಕ್ಕ ಜಾಗ. ಒಮ್ಮೆ ಅಪ್ಪ ಏನೋ ಪಿಸುಗುಟ್ಟಿದ್ದಕ್ಕೆ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಕ್ಯಾಂಪ್‌ಗ್ರೌಂಡಿನಲ್ಲೂ ಅಜ್ಜಿಯ ಹಟಕ್ಕೆ ಸೀರೆ ಉಟ್ಟಿದ್ದ ದಿನ ಅದು. ಆ ನಗು ಮೌಂಟನ್ ವ್ಯೂನ ಮನೆಯಲ್ಲಿ ನಾನು ಕೇಳಿದ್ದೇ ಇಲ್ಲ.

ನವೆಂಬರಿನಲ್ಲಿ ಅದೆಲ್ಲವನ್ನೂ ಮಡಚಿ ಮುಚ್ಚಬೇಕು. ಅಪ್ಪ ಮೊದಲ ವರ್ಷ ಅದನ್ನು ನೀಲಿ ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಗಾಳಿಯಾಡದಂತೆ ಬಿಗಿದು ಕಟ್ಟಿದ್ದ. ಹೊರಗಿನ ಮಳೆ ಒಳಗೆ ಹೋಗಲಿಲ್ಲ ನಿಜ, ಒಳಗಿನ ತೇವ ಹೊರಗೂ ಬರಲಿಲ್ಲ. ಬಿಚ್ಚಿದಾಗ ಕ್ಯಾನ್ವಾಸಿನ ಅಂಚಿಗೆಲ್ಲ ಬೂಷ್ಟು. ವಿನೆಗರ್ ನೀರಿನಲ್ಲಿ ತಿಕ್ಕಿ ತಿಕ್ಕಿ ಅಪ್ಪನ ಉಗುರು ಸವೆದವು. ಆದ್ದರಿಂದ ಎರಡನೆಯ ವರ್ಷ, ನಾನು ಹೇಳಹೊರಟಿರುವ ವರ್ಷ, ಮುಚ್ಚುವ ಕೆಲಸ ಒಂದು ವ್ರತದಂತೆ ನಡೆಯಿತು. ಬಿಸಿಲು ಬಿದ್ದ ಎರಡು ದಿನ ಪೆಟ್ಟಿಗೆಯನ್ನು ಡ್ರೈವ್‌ವೇಯಲ್ಲಿ ಎತ್ತಿ ನಿಲ್ಲಿಸಿ ಕ್ಯಾನ್ವಾಸು ಒಣಗಿಸಿದೆವು. ನೀರಿನ ಟ್ಯಾಂಕು ಬರಿದು ಮಾಡಿ, ನಲ್ಲಿಗಳನ್ನು ತೆರೆದು ಬಿಟ್ಟು, ಗ್ಯಾಸು ಬಿಚ್ಚಿ, ಬ್ಯಾಟರಿ ಗ್ಯಾರೇಜಿಗೆ ಸಾಗಿಸಿ, ಹಾಸಿಗೆಗಳ ಕೆಳಗೆ ಗಾಳಿಯಾಡಲಿ ಎಂದು ಅವನ್ನು ಓರೆಯಾಗಿ ನಿಲ್ಲಿಸಿ, ತೇವ ಹೀರುವ ಬಿಳಿ ಹರಳಿನ ಡಬ್ಬಿ ಇಟ್ಟು, ಇಲಿ ನುಗ್ಗದಂತೆ ನೆಲದ ತೂತುಗಳಿಗೆಲ್ಲ ಅಪ್ಪ ಪಾತ್ರೆ ತಿಕ್ಕುವ ಸ್ಟೀಲ್ ವೂಲು ತುರುಕಿದ. ಮೇಲೆ ಹೊದಿಸಲು ಈ ಸಲ ಗಾಳಿಯಾಡುವ ಬಟ್ಟೆಯ ಕವರು ತಂದಿದ್ದ. ಡಾಂಬರು ಗುಳಿಗೆ ಇಡೋಣವಾ ಎಂದು ಅಮ್ಮ ಕೇಳಿದ್ದಕ್ಕೆ, ಆ ವಾಸನೆ ಬ್ಯಾಸಗಿ ತನಕ ಹೋಗಂಗಿಲ್ಲ, ಬ್ಯಾಡ ಎಂದ. ಎಲ್ಲಕ್ಕಿಂತ ಮೇಲಿನ ಅಪ್ಪಣೆಯನ್ನು ಅವನು ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ.

“ಒಳಗ ಒಂದು ಕಾಳೂ ಇರಬಾರದು. ಅವಲಕ್ಕಿ, ಶೇಂಗಾ, ಬಿಸ್ಕಿಟಿನ ಪುಡಿ, ಏನೂ. ಒಂದು ಕಾಳು ಇದ್ರ ಇಲಿ ಬಂತು, ಇಲಿ ಬಂತಂದ್ರ ಕ್ಯಾನ್ವಾಸು ಹೋತು, ಕ್ಯಾನ್ವಾಸು ಹೋದ್ರ ಪೆಟ್ಟಿಗಿನ ಹೋತು. ತಿಳೀತಿಲ್ಲೋ?”

“ಅಯ್ಯೋ, ತಿಳೀತಪ್ಪಾ,” ಅಂದಳು ಅಜ್ಜಿ. “ನಾವೇನು ಅಲ್ಲಿ ಕಣ ಮಾಡಾಕ್ಹತ್ತೀವೇನು?”

ಅಪ್ಪ ಮೂಲೆ ಮೂಲೆಗೂ ವ್ಯಾಕ್ಯೂಮು ಹಾಕಿದ. ಕಡೆಯಲ್ಲಿ ಒಲೆ, ಸಿಂಕು ಒರೆಸಲು ಅಮ್ಮ ಒಬ್ಬಳೇ ಹತ್ತಿ ಇಳಿದಳು. ಅಜ್ಜಿಯೂ ಹತ್ತಿ, ತಾನು ಮಲಗುತ್ತಿದ್ದ ಕಡೆ ಕೈಮುಗಿದು ಇಳಿದಳು. ಹಿಡಿಕೆ ತಿರುಗಿತು, ಚಾವಣಿ ಕೂತಿತು, ಅಪ್ಪ ಅದನ್ನು ಗ್ಯಾರೇಜಿನ ಪಕ್ಕದ ಸಂದಿಗೆ ತಳ್ಳಿ, ಚಕ್ರಕ್ಕೆ ಅಡ್ಡ ಕೊಟ್ಟು, ಕವರು ಹೊದಿಸಿದ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಡಿಸೆಂಬರಿನ ಮಳೆ ಹಿಡಿದುಕೊಂಡಿತು. ಅಪ್ಪ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಅಮ್ಮ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತ. ಅಜ್ಜಿ ಜಪಮಾಲೆ ಹಿಡಿದು ಕೂತರೂ ಕಣ್ಣು ಬೀದಿಯ ಮೇಲೆ. ಮನೆಗೇ ಮೈ ತುರಿಸಿದ ಹಾಗೆ ಇರುತ್ತಿತ್ತು.

ಜನವರಿಯ ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಯಾವ ಪೀಠಿಕೆಯೂ ಇಲ್ಲದೆ ಹೇಳಿದ, ಸಿಯಾಟಲ್ಲಿನಲ್ಲಿ ಒಂದು ಕೆಲಸ ಇದೆಯಂತೆ, ಮಾತಾಡಿ ನೋಡುತ್ತಿದ್ದೇನೆ ಎಂದು. ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

“ಇನ್ನೊಂದು ಮನೆ.”

“ಮನಿ ಅಲ್ಲೂ ಸಿಗತಾವ.”

“ನಂಗೆ ಇನ್ನ್ ಡಬ್ಬ ಕಟ್ಟೋಕೆ ಆಗಲ್ಲರೀ. ಬೇಸಿಗೆ ರಜಕ್ಕೆ ನೀಲಾನ ಕರ್ಕೊಂಡು ಮೈಸೂರಿಗೆ ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಹಾಕ್ತೀನಿ. ನೀವು ಎಲ್ಲಿ ಬೇಕೋ ಅಲ್ಲಿರಿ.”

“ಸಿಟ್ಟಿನಾಗ ಏನರ ಅನಬ್ಯಾಡ. ಮಾರ್ಚಿನಾಗ ಪೆಟ್ಟಿಗಿ ಎತ್ತೋಣು, ಒಂದ್ಸಲ ಎಲ್ಲಾರೂ ಹೋಗಿ ಬರೋಣು, ಆಮ್ಯಾಲೆ ಕೂತು ಮಾತಾಡೋಣು.”

“ಮೊದಲು ಆ ಪೆಟ್ಟಿಗೆ ಮಾರಿ. ಆಮೇಲೆ ಮಾತಾಡೋಣ. ಅದರ ಮುಖ ನೋಡೋಕೂ ನಂಗೆ ಇಷ್ಟ ಇಲ್ಲ.”

ಅಜ್ಜಿ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು, ಬೇಡವೆಂದರೂ. ನೀಲಾ ಎಂದರೆ ನಾನು. ಮೈಸೂರಿನ ಯಾವುದೋ ಸ್ಕೂಲಿನಲ್ಲಿ, ಯೂನಿಫಾರ್ಮು ಹಾಕಿಕೊಂಡು, ಅಪ್ಪನಿಲ್ಲದೆ ಕೂತಿರುವ ನೀಲಾಳನ್ನು ನಾನು ಅವತ್ತೇ ಕಂಡುಬಿಟ್ಟೆ. ಲೆಕ್ಕ ನನಗೆ ನೇರವಾಗಿತ್ತು: ಪೆಟ್ಟಿಗೆ ಮಾರ್ಚಿನವರೆಗೆ ಉಳಿದರೆ ನಾವು ಒಮ್ಮೆ ಹೋಗುತ್ತೇವೆ, ಹೋದರೆ ಅಮ್ಮ ನಗುತ್ತಾಳೆ, ನಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಪೆಟ್ಟಿಗೆ ಹಾಳಾದರೆ ಅಪ್ಪ ಅದನ್ನು ಮಾರುತ್ತಾನೆ, ಅಲ್ಲಿಗೆ ನಮ್ಮ ಸಂಸಾರ ಮುಗಿಯಿತು. ಯಾರೂ ನನಗೆ ಹೀಗೆಂದು ಹೇಳಿರಲಿಲ್ಲ. ದೊಡ್ಡವರ ಮಾತಿನ ಚೂರುಗಳನ್ನು ಆರಿಸಿಕೊಂಡು ಮಕ್ಕಳು ತಾವೇ ಕಟ್ಟಿಕೊಳ್ಳುವ ಲೆಕ್ಕ ಇದು, ಆದರೂ ಅದರಲ್ಲಿ ತಪ್ಪಿತ್ತೆಂದು ಈ ವಯಸ್ಸಿನಲ್ಲೂ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಪೆಟ್ಟಿಗೆಯನ್ನು ಕಾಯುವ ಕೆಲಸ ನಾನೇ ಹಿಡಿದೆ. ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ಗ್ಯಾರೇಜಿನ ಪಕ್ಕದ ಸಂದಿಗೆ ಓಡುತ್ತಿದ್ದೆ. ಕವರಿನ ಮೇಲೆ ನೀರು ನಿಂತಿದ್ದರೆ ಕಸಬರಿಗೆಯ ಹಿಡಿಯಿಂದ ಎತ್ತಿ ಚೆಲ್ಲುತ್ತಿದ್ದೆ, ಅರ್ಧ ನೀರು ನನ್ನ ತೋಳಿನೊಳಗೇ ಇಳಿಯುತ್ತಿತ್ತು. ಗಾಳಿಗೆ ಹಗ್ಗ ಸಡಿಲಾಗಿದ್ದರೆ ಎಳೆದು ಕಟ್ಟುತ್ತಿದ್ದೆ. ಕವರಿನ ಮೂಲೆ ಎತ್ತಿ, ಮೂಗು ಒಳಗೆ ತೂರಿಸಿ, ಬೂಷ್ಟಿನ ವಾಸನೆ ಬರುತ್ತಿದೆಯೇ ಎಂದು ನೋಡುತ್ತಿದ್ದೆ. ರಬ್ಬರು, ಬಟ್ಟೆ, ಹಳೆಯ ಹೊಗೆ, ಬೂಷ್ಟು ಇಲ್ಲ. ಕ್ಲಾಸಿನಲ್ಲಿ ಕೂತಿರುವಾಗ ಮಳೆ ಶುರುವಾದರೆ ಟೀಚರ್ ಹೇಳಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ, ಕಾಲು ತಾನಾಗಿ ಕುಣಿಯುತ್ತಿತ್ತು. ಆ ಕಾಲು ಇನ್ನೂ ನಿಂತಿಲ್ಲ. ಬರ್ಕ್ಲಿಯ ನನ್ನ ಮನೆಯಲ್ಲಿ ಈಗಲೂ ಮಳೆ ಹನಿಯುವ ಸದ್ದು ಕೇಳಿದರೆ ಎದ್ದು ಕಿಟಕಿ, ಬಾಗಿಲು, ಗ್ಯಾರೇಜು ಎಲ್ಲ ನೋಡಿ ಬರುತ್ತೇನೆ. ಏನು ಹುಡುಕುತ್ತೀ ಎಂದು ಮನೆಯವರು ನಗುತ್ತಾರೆ. ಏನಾದರೂ ನೆನೆಯುತ್ತಿದೆಯೇನೋ ಎಂಬ ದಿಗಿಲು ಒಮ್ಮೆ ಮೈಗೆ ಹತ್ತಿದರೆ ಇಳಿಯುವುದಿಲ್ಲ.

ಒಂದು ದಿನ ಅಮ್ಮ ಅಡುಗೆಮನೆಯ ಕಿಟಕಿಯಿಂದ ನನ್ನನ್ನು ಕಂಡಳು. ಕೊಡೆ ಹಿಡಿದು ಬಂದು ನಿಂತಳು.

“ಏನ್ ಮಾಡ್ತಿದೀಯೇ ಇಲ್ಲಿ, ಪೂರ್ತಿ ನೆನ್ಕೊಂಡು?”

“ಜಸ್ಟ್ ಚೆಕಿಂಗ್.”

“ಏನನ್ನ?”

“ಇಟ್ ಶುಡ್ ಬಿ ಡ್ರೈ, ಅಮ್ಮ. ಇಟ್ ಹ್ಯಾಸ್ ಟು ಬಿ ಡ್ರೈ.”

ಅಮ್ಮ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಸೆರಗಿಲ್ಲದ ಆ ಕುರ್ತಾದ ತುದಿಯಿಂದಲೇ ನನ್ನ ತಲೆ ಒರೆಸಿ, ನಡಿ ಒಳಗೆ, ಜ್ವರ ಬರುತ್ತೆ ಎಂದಳು. ಅವಳಿಗೆ ನನ್ನ ಲೆಕ್ಕ ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ರಾತ್ರಿ ಊಟಕ್ಕೆ ಮೆಣಸಿನ ಸಾರು ಮಾಡಿದ್ದಳು.

ಮಾರ್ಚಿನ ಕೊನೆಗೆ ಬಿಸಿಲು ಬಂತು. ಅಜ್ಜಿ ಊರಿಗೆ ಹೊರಡುವ ವಾರ ಅದು. ಅವಳು ಇರುವಾಗಲೇ ಎತ್ತೋಣ ಎಂದು ಅಪ್ಪ ಪೆಟ್ಟಿಗೆಯನ್ನು ಡ್ರೈವ್‌ವೇಗೆ ಎಳೆದು ತಂದ. ಅಜ್ಜಿಗೆ ಕುರ್ಚಿ ಹಾಕಿ ಕೂರಿಸಿದೆವು. ಕವರು ತೆಗೆದ ಮೇಲೆ ಹೊರಗೆಲ್ಲ ಚೊಕ್ಕಟವಾಗಿತ್ತು. ನನ್ನ ಎದೆ ಅಲ್ಲಿಗೇ ಹಗುರವಾಯಿತು. ಅಪ್ಪ ಹಿಡಿಕೆ ತಿರುಗಿಸಿದ. ಚಾವಣಿ ಎದ್ದಿತು, ಕ್ಯಾನ್ವಾಸು ಬಿಚ್ಚಿಕೊಳ್ಳುತ್ತ ಬಂತು, ಅದರೊಂದಿಗೆ ಹೊಟ್ಟಿನಂಥದ್ದು ಏನೋ ಉದುರತೊಡಗಿತು. ನೂಲು, ಹತ್ತಿ, ಕರಿಯ ಹಿಕ್ಕೆ. ಹಾಸಿಗೆಯ ಪಕ್ಕದ ಕ್ಯಾನ್ವಾಸಿನಲ್ಲಿ ನನ್ನ ತಲೆ ತೂರುವಷ್ಟು ದೊಡ್ಡ ಹರಕು. ಅದರಾಚೆ ನೀಲಿ ಆಕಾಶ ಕಾಣುತ್ತಿತ್ತು. ನಾನು ಇಡೀ ಚಳಿಗಾಲ ಕಾವಲಿದ್ದದ್ದು ಮಳೆಗೆ, ಇಲಿಗಲ್ಲ.

ಅಪ್ಪ ಒಳಗೆ ನುಗ್ಗಿ, ಅಜ್ಜಿ ಮಲಗುತ್ತಿದ್ದ ಆ ಕಡೆಯ ಬೆಂಚಿನ ಮುಚ್ಚಳ ಎತ್ತಿದ. ಕೈಯಲ್ಲೊಂದು ಪುಟ್ಟ ಹಿತ್ತಾಳೆ ಬಟ್ಟಲು ಹಿಡಿದು ಹೊರಗೆ ಬಂದ. ತಳದಲ್ಲಿ ಜೋಳದ ಸಿಪ್ಪೆ, ನೆಕ್ಕಿ ನುಣ್ಣಗಾದ ಬೆಲ್ಲದ ಕಲೆ.

“ಅವ್ವಾ! ಏನಿದು?”

ಅಜ್ಜಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

“ಜ್ವಾಳ. ಬೆಲ್ಲ. ನಾಕು ತಿಂಗಳು ಬಾಗ್ಲಾ ಹಾಕೋ ಮನಿ. ಬರಿದು ಮಾಡಿ ಹಾಕತಾರೇನೋ? ಧಾರವಾಡದ ಮನಿಗೂ ನಾ ಹಂಗಽ ಮಾಡಿ ಬಂದೀನಿ. ಒಲಿ ಮುಂದ ಒಂದು ಹಿಡಿ ಇಟ್ಟು, ತಿರುಗಿ ಬರತೀನಿ ಅಂತ ಹೇಳಿ, ಆಮ್ಯಾಲೆ ಕೀಲಿ ಹಾಕೋದು.”

“ಇದು ಮನಿ ಅಲ್ಲವ್ವಾ! ನಾ ಎಷ್ಟು ಸಲ ಹೇಳಿದ್ದೆ, ಒಂದು ಕಾಳು ಇರಬಾರದು ಅಂತ? ಎಷ್ಟು ಸಲ? ಎಲ್ಲಾ ಹೋತು ನೋಡು. ಇನ್ನ ಮಾರೋದಽ ಛಲೋ. ಈಕಿ ಹೇಳಿದ್ದಽ ಖರೆ ಆತು.”

ಅಮ್ಮನ ಕಡೆ ಬೆರಳು ತೋರಿಸಿ ಅವನು ಹಾಗೆಂದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಪೆಟ್ಟಿಗೆ ಬಂದ ದಿನದ ಹಾಗೆಯೇ, ಕೈಕಟ್ಟಿ. ನಾನು ಅವಳ ಮುಖ ನೋಡಲಿಲ್ಲ. ನೋಡಿದರೆ ಅಲ್ಲಿ ಮೈಸೂರು ಕಾಣುತ್ತದೆ ಎಂಬ ಹೆದರಿಕೆ. ಅಪ್ಪ ಸಿಟ್ಟಿನಲ್ಲೇ ಒಳಗೆ ಹೋಗಿ ಒಂದೊಂದೇ ವಸ್ತುವನ್ನು ಹೊರಕ್ಕೆ ಎಸೆಯತೊಡಗಿದ: ಹಾಸಿಗೆ, ದಿಂಬು, ತೇವ ಹೀರುವ ಹರಳಿನ ಡಬ್ಬಿ. ಒಲೆಯ ಪಕ್ಕದ ಎರಡನೆಯ ಬೆಂಚಿನ ಮುಚ್ಚಳ ಎತ್ತಿದ ಸದ್ದು ಕೇಳಿತು. ಆಮೇಲೆ ಎಸೆಯುವುದು ನಿಂತಿತು.

ಅಪ್ಪ ಪೆಟ್ಟಿಗೆಯ ಮೆಟ್ಟಿಲ ಮೇಲೆ ಬಂದು ಕೂತ. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಬಿಗಿ ಮುಚ್ಚಳದ್ದು, ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡುವಂಥದ್ದು, ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದದ್ದು. ಸುಧಾ. ಅಮ್ಮನ ಹೆಸರು. ಅಪ್ಪ ಮುಚ್ಚಳ ತೆಗೆದ. ಅದರ ತುಂಬ ಅಕ್ಕಿ, ಅಕ್ಕಿಯ ಮೇಲೊಂದು ಅರಿಶಿನದ ಕೊಂಬು. ಇಲಿಯ ಹಲ್ಲು ತಾಗಿರಲಿಲ್ಲ.

ಅಜ್ಜಿ ಕತ್ತು ಚಾಚಿ ನೋಡಿದಳು. ನಾ ತೆರೆದಿಟ್ಟಿದ್ದೆ, ಆಕಿ ಮುಚ್ಚಿಟ್ಟಾಳ, ಅಷ್ಟಽ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

“ಮಾರ್ರಿ ಅಂದಾಕಿ ನೀನಽ ಅಲ್ಲೇನು?” ಅಪ್ಪನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ನಾನೇ,” ಅಂದಳು ಅಮ್ಮ.

“ಮತ್ತ ಇದು?”

ಅಮ್ಮ ಬಾಗಿಲು ಬಿಟ್ಟು ಇಳಿದು ಬಂದಳು. ಡಬ್ಬಿ ತೆಗೆದುಕೊಂಡು ಅಕ್ಕಿಯೊಳಗೆ ಬೆರಳಾಡಿಸಿದಳು, ಮೂಸಿದಳು. ಕೆನ್ನೆ ಕೆಂಪಾಗಿತ್ತು.

“ಒಲೆ ಒರೆಸ್ತಾ ಇದ್ದೆ. ಕೈ ತಾನಾಗೇ ತಂದಿಡ್ತುರೀ. ಏನ್ ಮಾಡ್ಲಿ?” ಅಂದಳು. ಅವನ ಮುಖ ನೋಡದೆ ಮತ್ತೆ ಹೇಳಿದಳು: “ಹುಳ ಬಿದ್ದಿಲ್ಲ. ಇವತ್ತು ಇದರಲ್ಲೇ ಅನ್ನ ಮಾಡ್ತೀನಿ. ನವೆಂಬರಲ್ಲಿ ಹೊಸ ಅಕ್ಕಿ ಹಾಕಿಟ್ಟರಾಯ್ತು.”

ನವೆಂಬರಲ್ಲಿ ಅಂದಳು. ಬೇಸಿಗೆಯ ಆಚೆ, ಸ್ಕೂಲು ಶುರುವಾದ ಆಚೆ, ಪೆಟ್ಟಿಗೆ ಮತ್ತೆ ಮುಚ್ಚುವ ತಿಂಗಳಲ್ಲಿ ತಾನು ಇಲ್ಲೇ ಇರುವವಳ ಹಾಗೆ. ಅವಳಿಗೆ ತಾನು ಏನು ಹೇಳಿದೆ ಎಂಬುದೂ ಗೊತ್ತಾದ ಹಾಗಿರಲಿಲ್ಲ. ಡಬ್ಬಿ ಸೊಂಟಕ್ಕೆ ಒತ್ತಿಕೊಂಡು ಅಡುಗೆಮನೆಗೆ ಹೊರಟಿದ್ದಳು. ನಾನು ಡ್ರೈವ್‌ವೇಯ ಸಿಮೆಂಟಿನ ಮೇಲೆ ಕುಸಿದು ಕೂತು, ಇಡೀ ಚಳಿಗಾಲ ಬಿಗಿ ಹಿಡಿದದ್ದನ್ನೆಲ್ಲ ಬಿಟ್ಟು, ದನಿ ತೆಗೆದು ಅತ್ತೆ. ಅಪ್ಪ ಓಡಿ ಬಂದು ಪಕ್ಕದಲ್ಲಿ ಕೂತ. ಅವನ ಅಂಗಿಯ ತುಂಬ ಇಲಿಯ ಗೂಡಿನ ಹತ್ತಿ. ಒಂದು ಕೈ ನನ್ನ ಬೆನ್ನ ಮೇಲಿಟ್ಟು, ಇನ್ನೊಂದರಿಂದ ಆ ಹರಿದ ಕ್ಯಾನ್ವಾಸು ತೋರಿಸಿದ.

“ಹೊಲಿಸೋಣು ಬಿಡವ್ವಾ,” ಅಂದ. “ಇಷ್ಟಕ್ಕ ಯಾರರ ಅಳತಾರೇನು?”